ಬಾನೆಟ್ಟಿನ ಕೆಳಗಿನ ಕೆಂಪು ಎಣ್ಣೆ

ಸ್ವಲ್ಪ ಹಳೆಯ ಕಾರುಗಳ ಬಾನೆಟ್ ಎತ್ತಿದರೆ ಒಂದು ಮೂಲೆಯಲ್ಲಿ ಕೈಯಲ್ಲಿ ಹಿಡಿಯುವಷ್ಟೇ ಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಂದು ಕಾಣುತ್ತದೆ. ಮುಚ್ಚಳದ ಮೇಲೆ ಪುಟ್ಟದೊಂದು ಸ್ಟೀರಿಂಗ್ ಚಿತ್ರ, ಒಳಗೆ ಎಣ್ಣೆ. ಹೊಸದಾಗಿದ್ದರೆ ದಾಳಿಂಬೆ ರಸದ ಕೆಂಪು, ಹಳತಾದರೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಡಬ್ಬಿ, ಪೈಪು, ಪಂಪು ಎಲ್ಲವನ್ನೂ ಸೇರಿಸಿದರೂ ಸಾಮಾನ್ಯ ಕಾರಿನಲ್ಲಿ ಇರುವುದು ಒಂದು ಲೀಟರಿನ ಆಸುಪಾಸು. ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಇದನ್ನು ಮಾತ್ರ, ಸ್ಟೀರಿಂಗ್ ತಿರುಗಿಸುವಾಗ ಕರುವಿನ ಹಾಗೆ ಕೂಗತೊಡಗುವವರೆಗೆ ಯಾರೂ ನೆನೆಯುವುದಿಲ್ಲ. ಒಂದೂವರೆ ಟನ್ ತೂಕದ ಗಾಡಿಯನ್ನು ನಾವು ಎರಡು ಬೆರಳಲ್ಲಿ ತಿರುಗಿಸಿ ನಿಲ್ಲಿಸುತ್ತೇವಲ್ಲ, ಆ ಕೆಲಸವನ್ನು ನಿಜವಾಗಿ ಮಾಡುವುದು ಈ ಒಂದು ಲೀಟರ್ ಎಣ್ಣೆ. ಅದಕ್ಕೂ ಮೊದಲು ಆ ಕೆಲಸ ಯಾರ ಪಾಲಿಗಿತ್ತು ಎಂದು ಹುಡುಕುತ್ತಾ ಹೋದರೆ ದಾರಿ ಅನಿರೀಕ್ಷಿತ ಜಾಗಗಳಿಗೆ ಹೋಗುತ್ತದೆ.

ನಮ್ಮ ಕಡೆಯ ಉತ್ತರ ಸುಲಭ. ಅದು ಡ್ರೈವರನ ತೋಳಿನ ಪಾಲಿಗಿತ್ತು. ಅಂಬಾಸಿಡರ್ ಓಡಿಸಿದವರಿಗೆ ಗೊತ್ತು, ನಿಂತಲ್ಲೇ ಚಕ್ರ ತಿರುಗಿಸುವುದು ಬಾವಿಯ ರಾಟೆಯೊಡನೆ ಗುದ್ದಾಡಿದ ಹಾಗೆ. ಆ ಕಾಲದ ಬಸ್ಸು, ಲಾರಿಗಳಿಗೆ ಅಷ್ಟು ದೊಡ್ಡ ಸ್ಟೀರಿಂಗ್ ಇದ್ದದ್ದು ಅಂದಕ್ಕಲ್ಲ. ಚಕ್ರ ದೊಡ್ಡದಾದಷ್ಟೂ ಕೈಗೆ ಹತೋಟಿ ಹೆಚ್ಚು ಎಂಬ ಲೆಕ್ಕಕ್ಕೆ. ಹದಿನೈದು ವರ್ಷ ಲಾರಿ ಓಡಿಸಿದ ನನ್ನ ಚಿಕ್ಕಪ್ಪ ಹೇಳುತ್ತಾರೆ: "ಲೋಡ್ ಇದ್ದಾಗ ರಿವರ್ಸ್ ತಗೋಬೇಕಂದ್ರೆ ಸೀಟಿಂದ ಎದ್ದು ನಿಲ್ತಿದ್ವಿ ಕಣೋ. ಕ್ಲೀನರ್ ಹುಡುಗನೂ ಒಂದು ಕೈ ಹಾಕೋನು." ಅವರ ಬಲ ಭುಜ ಇವತ್ತಿಗೂ ತಲೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ನಾವು ಸಂಶೋಧಕರು ದಾಖಲೆ ಎಂದರೆ ಕಾಗದ ಎಂದುಕೊಂಡಿರುತ್ತೇವೆ. ಈ ಭುಜವನ್ನು ಯಾವ ಪತ್ರಾಗಾರದಲ್ಲಿಡುವುದು?

ಸ್ಟೀರಿಂಗಿನ ಭಾರವನ್ನು ಮನುಷ್ಯನ ಮೈಯಿಂದ ಯಂತ್ರಕ್ಕೆ ದಾಟಿಸುವ ಯೋಚನೆ ರಸ್ತೆಯಲ್ಲಿ ಹುಟ್ಟಿದ್ದಲ್ಲ, ಸಮುದ್ರದಲ್ಲಿ. 1858ರಲ್ಲಿ ನೀರಿಗಿಳಿದ ಬ್ರೂನೆಲ್‌ನ 'ಗ್ರೇಟ್ ಈಸ್ಟರ್ನ್' ಹಡಗು 200 ಮೀಟರಿಗೂ ಉದ್ದ. ಅಂಥದ್ದರ ಚುಕ್ಕಾಣಿಯ ಮೇಲೆ ಅಲೆಗಳು ಹೇರುವ ಒತ್ತಡ ಕೈಬಲಕ್ಕೆ ಮೀರಿದ್ದು. 1861ರ ಬಿರುಗಾಳಿಯಲ್ಲಿ ಅದರ ಚುಕ್ಕಾಣಿಯೇ ಮುರಿದು ಹಡಗು ದಿಕ್ಕಿಲ್ಲದೆ ತೇಲಿತ್ತು. ಮುಂದೆ ಜಾನ್ ಮ್ಯಾಕ್‌ಫರ್ಲೇನ್ ಗ್ರೇ ಎಂಬ ಎಂಜಿನಿಯರ್ ಅದಕ್ಕೆ ಉಗಿಯಿಂದ ನಡೆಯುವ ಚುಕ್ಕಾಣಿ ಯಂತ್ರವನ್ನು ಅಳವಡಿಸಿದ. ಉಗಿಯ ಬಲ ಬಳಸಿದ್ದು ಅಂಥ ಹೊಸತಲ್ಲ. ನಾವಿಕ ಚಕ್ರವನ್ನು ಎಷ್ಟು ತಿರುಗಿಸಿದನೋ ಚುಕ್ಕಾಣಿಯೂ ಅಷ್ಟೇ ತಿರುಗಿ, ಅವನು ನಿಂತಲ್ಲಿ ತಾನೂ ನಿಲ್ಲಬೇಕು, ಇದು ಹೊಸತು. ಅಂದರೆ ಯಂತ್ರಕ್ಕೆ ಬಲ ಇದ್ದರೆ ಸಾಲದು, ವಿಧೇಯತೆಯೂ ಬೇಕು.

ಆ ವಿಧೇಯತೆಗೆ ಹೆಸರಿಟ್ಟವನು ಫ್ರಾನ್ಸಿನ ಜೋಸೆಫ್ ಫಾರ್ಕೊ. ಇದೇ ಬಗೆಯ ಚುಕ್ಕಾಣಿ ಯಂತ್ರಗಳ ಬಗ್ಗೆ 1873ರಲ್ಲಿ ಬರೆದ ಪುಸ್ತಕದಲ್ಲಿ ಅವನು ಬಳಸಿದ ಪದ 'ಸರ್ವೋ ಮೋಟರ್'. ಮೂಲ ಲ್ಯಾಟಿನ್ನಿನ 'ಸರ್ವುಸ್', ಅಂದರೆ ಗುಲಾಮ. ಪುಸ್ತಕದ ಹೆಸರಿನಲ್ಲೇ 'ಅಥವಾ ಅಡಿಯಾಳಾಗಿಸಿದ ಮೋಟರ್' ಎಂಬರ್ಥದ ಮಾತೂ ಇದೆ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಯದಾಗಿ ರದ್ದು ಮಾಡಿದ್ದು 1848ರಲ್ಲಿ. ಇಪ್ಪತ್ತೈದೇ ವರ್ಷಕ್ಕೆ ಆ ಪದ ಯಂತ್ರದ ಮೈಮೇಲೆ ಬಂದು ಕೂತಿತು. ನಮ್ಮ ಪೆಟ್ರೋಲ್ ಬಂಕುಗಳಲ್ಲಿ 'ಸರ್ವೋ' ಎಂದು ಬರೆದ ಆಯಿಲ್ ಡಬ್ಬಿಗಳ ಸಾಲು ಕಂಡಾಗಲೆಲ್ಲ ನನಗೆ ಫಾರ್ಕೊ ನೆನಪಾಗುತ್ತಾನೆ.

ಹಡಗಿನ ಈ ಉಪಾಯ ರಸ್ತೆಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ತಂದವನು ಫ್ರಾನ್ಸಿಸ್ ಡೇವಿಸ್. ಅಮೆರಿಕದ ಪಿಯರ್ಸ್ ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವನು. ಲಾರಿಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದ್ದವು, ಚಾಲಕರ ತೋಳು ಮಾತ್ರ ಇದ್ದಷ್ಟೇ ಇತ್ತು. 1920ರ ದಶಕದ ಆರಂಭದಲ್ಲಿ ಡೇವಿಸ್ ಕೆಲಸ ಬಿಟ್ಟು, ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಥಮ್ ಎಂಬ ಊರಿನಲ್ಲಿ ಸಣ್ಣ ವರ್ಕ್‌ಶಾಪ್ ಹಿಡಿದ. ಜೊತೆಗೆ ಜಾರ್ಜ್ ಜೆಸಪ್ ಎಂಬ ನುರಿತ ಕೆಲಸಗಾರ.

ದ್ರವದ ಒತ್ತಡದಿಂದ ಭಾರ ಎತ್ತುವ ವಿದ್ಯೆ ಆಗಲೇ ಹಳತು; ಬ್ರಾಮಾನ ಹೈಡ್ರಾಲಿಕ್ ಪ್ರೆಸ್ ಬಂದದ್ದು 1795ರಲ್ಲಿ. ತೊಂದರೆ ಇದ್ದದ್ದು ಸೋರಿಕೆಯಲ್ಲಿ. ಎಣ್ಣೆಯನ್ನು ಸದಾ ಭಾರೀ ಒತ್ತಡದಲ್ಲಿ ಕೂಡಿಹಾಕಿಟ್ಟು, ಬೇಕೆಂದಾಗ ಬಾಗಿಲು ತೆರೆಯಬೇಕೆಂದರೆ ಕೀಲು ಕೀಲಿನಲ್ಲೂ ಅದು ಜಿನುಗುತ್ತದೆ. ಡೇವಿಸ್ ಲೆಕ್ಕವನ್ನೇ ತಿರುಗಿಸಿದ. ಬಾಗಿಲು ತೆರೆದೇ ಇರಲಿ, ಎಣ್ಣೆ ಪಂಪಿನಿಂದ ಡಬ್ಬಿಗೆ, ಡಬ್ಬಿಯಿಂದ ಪಂಪಿಗೆ ಸುಮ್ಮನೆ ಸುತ್ತುತ್ತಿರಲಿ. ಚಾಲಕ ಚಕ್ರ ತಿರುಗಿಸಿದಾಗ ಮಾತ್ರ ಒಂದು ದಾರಿ ಕಿರಿದಾಗಬೇಕು. ಆಗ ಆ ಬದಿಯಲ್ಲಿ ಒತ್ತಡವೇರಿ ಪಿಸ್ಟನ್ನನ್ನು ನೂಕುತ್ತದೆ. ಕೈ ನಿಂತಾಗ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಇಂದಿಗೂ ಎಣ್ಣೆಯ ಪವರ್ ಸ್ಟೀರಿಂಗ್ ಇರುವ ಕಾರುಗಳಲ್ಲಿ ನಡೆಯುತ್ತಿರುವುದು ಇದೇ. ಕೆಲಸವಿಲ್ಲದಾಗ ಅಡ್ಡಾಡಿಕೊಂಡಿದ್ದು ಕರೆದಾಗ ಮೈಮುರಿದು ದುಡಿಯುವ ಆಳು.

1926ರಲ್ಲಿ ಡೇವಿಸ್ ಇದನ್ನು ಒಂದು ಪಿಯರ್ಸ್ ಆ್ಯರೋ ಕಾರಿಗೆ ಜೋಡಿಸಿ ಡೆಟ್ರಾಯಿಟ್‌ಗೆ ಓಡಿಸಿಕೊಂಡು ಹೋಗಿ ತೋರಿಸಿದ. ನೋಡಿದವರು ಬೆರಗಾದರು, ಜನರಲ್ ಮೋಟರ್ಸ್ ಒಪ್ಪಂದ ಮಾಡಿಕೊಂಡಿತು, ಕ್ಯಾಡಿಲಾಕ್‌ಗೆ ಹಾಕುವುದೆಂದೂ ಮಾತಾಯಿತು. ಅಷ್ಟರಲ್ಲಿ ಆರ್ಥಿಕ ಕುಸಿತ. ಮಾರಾಟವಾಗುತ್ತಿದ್ದ ಬೆರಳೆಣಿಕೆಯ ಕಾರುಗಳಿಗೆ ಈ ಖರ್ಚು ಹೊಂದುವುದಿಲ್ಲವೆಂದು ಕಂಪನಿ ಹಿಂದೆ ಸರಿಯಿತು. ಆಮೇಲೆ ಇದನ್ನು ಅಪ್ಪಿಕೊಂಡದ್ದು ಯುದ್ಧ. ಎರಡನೇ ಮಹಾಯುದ್ಧದ ಉಕ್ಕಿನ ಹೊದಿಕೆಯ ವಾಹನಗಳನ್ನು ಬರಿಗೈಯಲ್ಲಿ ತಿರುಗಿಸುವುದು ಆಗದ ಮಾತಾದ್ದರಿಂದ ಡೇವಿಸನ ಯಂತ್ರ ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು. ಸಾಮಾನ್ಯ ಗಿರಾಕಿಗೆ ಪವರ್ ಸ್ಟೀರಿಂಗ್ ಸಿಕ್ಕಿದ್ದು 1951ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ, ಅದೂ ಡೇವಿಸನ ಅವಧಿ ಮುಗಿದ ಪೇಟೆಂಟುಗಳನ್ನು ಆಧರಿಸಿ. ಕ್ರೈಸ್ಲರ್ ಅವನಿಗೆ ಏನೂ ಕೊಡಬೇಕಾಗಿರಲಿಲ್ಲ. ಪ್ರತಿಸ್ಪರ್ಧಿ ಮುಂದೆ ಹೋದದ್ದು ಕಂಡ ಜನರಲ್ ಮೋಟರ್ಸ್ ಮತ್ತೆ ಅವನ ಬಾಗಿಲಿಗೆ ಬಂತು. ಕಾಲು ಶತಮಾನ ಕಾದವನಿಗೆ ಅಷ್ಟಾದರೂ ದಕ್ಕಿತು.

ಚರಿತ್ರೆಯನ್ನು ಓದಿ ತಿಳಿಯುವುದು ಒಂದು, ಕೈಗೆ ಅಂಟಿಸಿಕೊಂಡು ತಿಳಿಯುವುದು ಇನ್ನೊಂದು. ಡೇವಿಸನ ಆ ತೆರೆದ ದಾರಿ ನನಗೆ ಚೆನ್ನಾಗಿ ಅರ್ಥವಾದದ್ದು ಚಿಕ್ಕಪ್ಪನ ಹಳೆಯ ಡೀಸೆಲ್ ಜೀಪಿನ ಸ್ಟೀರಿಂಗ್ ಆಯಿಲನ್ನು ಮನೆಯಂಗಳದಲ್ಲೇ ಬದಲಿಸಿದಾಗ. ಕೆಲಸ ದೊಡ್ಡದೇನಲ್ಲ. ಮೊದಲು ನೋಡಬೇಕಾದದ್ದು ಗಾಡಿಯ ಕೈಪಿಡಿ ಅಥವಾ ಮುಚ್ಚಳದ ಮೇಲಿನ ಬರಹ. ಕೆಲವು ಗಾಡಿಗೆ ಎಟಿಎಫ್ ಎನ್ನುವ ಕೆಂಪು ಗೇರ್ ಎಣ್ಣೆ, ಕೆಲವಕ್ಕೆ ಕಂಪನಿಯದೇ ಬೇರೆ ಎಣ್ಣೆ, ಹಲವು ಜರ್ಮನ್ ಕಾರುಗಳಿಗೆ ಹಸಿರು ಬಣ್ಣದ್ದು. ಅಪ್ಪಿತಪ್ಪಿ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ.

ಮುಂದಿನ ಚಕ್ರಗಳೆರಡನ್ನೂ ಜಾಕ್‌ನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಡಬ್ಬಿಯಲ್ಲಿದ್ದ ಎಣ್ಣೆಯನ್ನು ದೊಡ್ಡ ಸಿರಿಂಜಿನಿಂದ ಹೀರಿ ತೆಗೆದೆ. ಡಬ್ಬಿಗೆ ಬಂದು ಸೇರುವ ಎರಡು ಪೈಪುಗಳಲ್ಲಿ ತೆಳುವಾದದ್ದು ನಮ್ಮ ಜೀಪಿನಲ್ಲಿ ಎಣ್ಣೆ ಮರಳಿ ಬರುವ ದಾರಿ. ಅದರ ಕ್ಲಿಪ್ ಸಡಿಲಿಸಿ, ಪೈಪಿನ ತುದಿಯನ್ನು ಖಾಲಿ ನೀರಿನ ಬಾಟಲಿಗೆ ಇಳಿಬಿಟ್ಟು, ಡಬ್ಬಿಯ ಬದಿಯ ತೂತಿಗೆ ಬಿರಡೆ ಹಾಕಿದೆ. ಚಿಕ್ಕಪ್ಪ ಎಂಜಿನ್ ಆನ್ ಮಾಡದೆಯೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿದರು. ಒಂದೊಂದು ಸುತ್ತಿಗೂ ಪೈಪಿನಿಂದ ಕಪ್ಪು ಎಣ್ಣೆ ಗುಟುಕು ಗುಟುಕಾಗಿ ಬಾಟಲಿಗೆ ಬಿತ್ತು. ನಾನು ಮೇಲಿಂದ ಹೊಸ ಎಣ್ಣೆ ಸುರಿಯುತ್ತಾ ಹೋದೆ. ಡಬ್ಬಿ ಪೂರ್ತಿ ಬರಿದಾಗಬಾರದು, ಗಾಳಿ ಒಳಸೇರುತ್ತದೆ. ಕಪ್ಪು ಕಂದಾಗಿ, ಕಂದು ಕೆಂಪಾಗುವ ಹೊತ್ತಿಗೆ ಲೀಟರಿಗೂ ಹೆಚ್ಚು ಖರ್ಚಾಗಿತ್ತು. ಪೈಪನ್ನು ಮತ್ತೆ ಜೋಡಿಸಿ, ಎಂಜಿನ್ ಚಾಲೂ ಮಾಡಿ, ನೊರೆ ನಿಲ್ಲುವ ತನಕ ಅತ್ತಿತ್ತ ತಿರುಗಿಸಿ, ಗುರುತಿನ ಮಟ್ಟಕ್ಕೆ ತುಂಬಿದ್ದಾಯಿತು. ತುದಿಯಲ್ಲಿ ಒತ್ತಿ ಹಿಡಿದುಕೊಂಡು ನಿಲ್ಲಬಾರದು; ಅಲ್ಲಿ ಪಂಪಿನ ಒತ್ತಡ ವಾತಾವರಣದ ಒತ್ತಡದ 70 ಪಟ್ಟನ್ನೂ ಮೀರಬಲ್ಲದು, ಎಣ್ಣೆ ಕಾದು ಸುಡುತ್ತದೆ.

ಪೈಪು ಕಳಚುವ ಧೈರ್ಯವಿಲ್ಲದವರು ಸಿರಿಂಜಿನಿಂದ ಹೀರಿ ತುಂಬುವುದನ್ನೇ ಕೆಲವು ದಿನ ಬಿಟ್ಟು ಬಿಟ್ಟು ನಾಲ್ಕೈದು ಸಲ ಮಾಡಬಹುದು. "ಎಣ್ಣೆ ಇಷ್ಟು ಕಪ್ಪಾಗಿದ್ಯಲ್ಲೋ, ಇದೂ ಬೆವರುತ್ತೇನೋ!" ಎಂದರು ಚಿಕ್ಕಪ್ಪ. ಸವೆದ ಲೋಹದ ಪುಡಿ, ರಬ್ಬರಿನ ಕಣ, ಶಾಖಕ್ಕೆ ಸುಟ್ಟ ಎಣ್ಣೆ ಸೇರಿ ಆದ ಬಣ್ಣ ಅದು. ಬೆವರು ಎಂದರೂ ತಪ್ಪೇನಿಲ್ಲ.

ಇನ್ನು ಆ ಕೆಂಪು. 1949ರಲ್ಲಿ ಜನರಲ್ ಮೋಟರ್ಸ್ ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆಗಳಿಗೆಂದು 'ಟೈಪ್ ಎ' ಎಂಬ ಎಣ್ಣೆಯ ಮಾನಕವನ್ನು ನಿಗದಿ ಮಾಡಿತು. ಎಂಜಿನ್ ಆಯಿಲ್ ಅಲ್ಲ ಎಂದು ಕಂಡ ಕೂಡಲೇ ಗೊತ್ತಾಗಲಿ ಎಂದು ಇಂಥ ಎಣ್ಣೆಗೆ ಕೆಂಪು ಬಣ್ಣ ಬೆರೆಸುವುದು ವಾಡಿಕೆ. ಪವರ್ ಸ್ಟೀರಿಂಗ್ ಬಂದಾಗ ಅದಕ್ಕೂ ಇದನ್ನೇ ಸುರಿದರು. ಗೇರ್ ಪೆಟ್ಟಿಗೆಯ ಕ್ಲಚ್ ಹಲಗೆಗಳು ಎಗರದೆ ನಯವಾಗಿ ಹಿಡಿಯಲಿ ಎಂದು ಈ ಎಣ್ಣೆಗಳಿಗೆ ಬೆರೆಸುತ್ತಿದ್ದ ವಸ್ತು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದರ ತಲೆಯ ಗೂಡಿನಲ್ಲೂ ಚರ್ಮದಡಿಯ ಕೊಬ್ಬಿನಲ್ಲೂ ಇರುವ ದ್ರವರೂಪದ ಮೇಣ. ನಮ್ಮ ಪೊಲೀಸರು ಆಗಾಗ ವಶಪಡಿಸಿಕೊಳ್ಳುವ 'ತಿಮಿಂಗಿಲ ವಾಂತಿ'ಯೂ ಇದೇ ಪ್ರಾಣಿಯದು. ಸ್ಟೀರಿಂಗಿಗೆ ಕ್ಲಚ್ಚಿಲ್ಲ, ಆ ಗುಣ ಅದಕ್ಕೆ ಅಷ್ಟಾಗಿ ಬೇಕಿರಲೂ ಇಲ್ಲ. ಡಬ್ಬಿ ಒಂದೇ ಆದ್ದರಿಂದ ತಿಮಿಂಗಿಲವೂ ಸುಮ್ಮನೆ ಜೊತೆಗೆ ಬಂತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಮಿಂಗಿಲ ಬೇಟೆ ಎಂದರೆ 1851ರ 'ಮೊಬಿ ಡಿಕ್'. ಹೆಪ್ಪುಗಟ್ಟಿದ ಆ ಮೇಣವನ್ನು ನಾವಿಕರು ಕೈಯಾರೆ ಹಿಸುಕಿ ಕರಗಿಸುವ ಅಧ್ಯಾಯವೊಂದು ಅದರಲ್ಲಿದೆ, ಮೆಲ್ವಿಲ್ ಬರೆದದ್ದರಲ್ಲೇ ವಿಚಿತ್ರ ಪ್ರೀತಿಯ ಪುಟಗಳು. ಆ ಬೇಟೆಯ ರಾಜಧಾನಿ ನ್ಯೂ ಬೆಡ್‌ಫರ್ಡ್ ಇರುವುದು ಡೇವಿಸನ ವಾಲ್ಥಮ್ ಇರುವ ಮ್ಯಾಸಚೂಸೆಟ್ಸ್‌ನಲ್ಲೇ. ಡೇವಿಸ್ ತನ್ನ ಕವಾಟವನ್ನು ತಿದ್ದುತ್ತಿದ್ದ ವರ್ಷಗಳಲ್ಲಿ, 1924ರಲ್ಲಿ, ಅಲ್ಲಿಂದ ಹೊರಟ 'ವಾಂಡರರ್' ಎಂಬ ಹಾಯಿಹಡಗು ಬಂಡೆಗೆ ಬಡಿದು ನಾಶವಾಯಿತು. ಮೆಲ್ವಿಲ್ಲನ ಲೋಕ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಂತೆ. ತಿಮಿಂಗಿಲದ ಕಷ್ಟವೂ ಮುಗಿಯಿತೆಂದು ಓದುಗರು ಭಾವಿಸುವುದುಂಟು. ನಡೆದದ್ದು ತಿರುವುಮುರುವು. ಹಾಯಿಹಡಗು ಹೋಗಿ ಕಾರ್ಖಾನೆ ಹಡಗು ಬಂತು. 20ನೇ ಶತಮಾನದಲ್ಲಿ ಕೊಂದ ಸ್ಪರ್ಮ್ ತಿಮಿಂಗಿಲಗಳು 7 ಲಕ್ಷಕ್ಕೂ ಹೆಚ್ಚು, ಹಿಂದಿನ ಎರಡು ಶತಮಾನಗಳ ಒಟ್ಟು ಲೆಕ್ಕವನ್ನು ಮೀರಿಸುವಷ್ಟು. 1960ರ ದಶಕದ ನಡುವೆ ವರ್ಷಕ್ಕೆ 20,000ಕ್ಕೂ ಮಿಗಿಲು. ದೀಪ ಉರಿಸಲಿಕ್ಕಲ್ಲ. ಯಂತ್ರಗಳ ಎಣ್ಣೆ, ಚರ್ಮ ಹದ ಮಾಡುವುದು, ಇಂಥ ಹೆಸರಿಲ್ಲದ ಕೆಲಸಗಳಿಗೆ. ಇದರಲ್ಲಿ ಅಹಾಬನ ಹುಚ್ಚೂ ಇಲ್ಲ, ದ್ವೇಷವೂ ಇಲ್ಲ. ಹಾಗಾಗಿಯೇ ಕಾದಂಬರಿಯೂ ಹುಟ್ಟಲಿಲ್ಲ.

1970ರಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು, 1973ರ ಕಾನೂನು ಅದನ್ನು ಬಿಗಿ ಮಾಡಿತು. ಎಣ್ಣೆ ಕಂಪನಿಗಳು ಬದಲಿ ಹುಡುಕಬೇಕಾಯಿತು. ಮರುಭೂಮಿಯಲ್ಲಿ ಬೆಳೆಯುವ ಹೊಹೊಬಾ ಎಂಬ ಪೊದೆಯ ಬೀಜದ ಎಣ್ಣೆ ರಚನೆಯಲ್ಲಿ ತಿಮಿಂಗಿಲದ ಮೇಣವನ್ನೇ ಹೋಲುತ್ತದೆಂದು ಅದರ ಮೇಲೆ ಎಲ್ಲರ ಕಣ್ಣು ಬಿತ್ತು. ಪ್ರಯೋಗಾಲಯದ ರಾಸಾಯನಿಕಗಳೂ ಬಂದವು. ಬಣ್ಣ ಮಾತ್ರ ಬದಲಾಗಲಿಲ್ಲ. ನಮ್ಮಂಗಳದಲ್ಲಿ ನಾನು ಸುರಿದ ಎಣ್ಣೆಯಲ್ಲಿ ತಿಮಿಂಗಿಲದ ಹನಿಯೂ ಇರಲಿಲ್ಲ, ಕೆಂಪು ಅದೇ ಇತ್ತು.

ಬಾಟಲಿಯಲ್ಲಿ ಉಳಿದ ಹಳೆಯ ಎಣ್ಣೆಯನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯುವಂತಿಲ್ಲ. ನಮ್ಮ ದೇಶದ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಟ್ಟರೆ ಅದು ಶುದ್ಧೀಕರಣಕ್ಕೆ ಹೋಗುವ ದಾರಿಯಿದೆ.

ಎಣ್ಣೆಯ ಸ್ಟೀರಿಂಗೂ ಈಗ ಮರೆಯಾಗುತ್ತಿದೆ. 1988ರಲ್ಲಿ ಜಪಾನಿನ ಸುಜುಕಿ ಕಂಪನಿ ತನ್ನ ಪುಟ್ಟ ಕಾರೊಂದಕ್ಕೆ ವಿದ್ಯುತ್ ಮೋಟರಿನ ಪವರ್ ಸ್ಟೀರಿಂಗ್ ಕೂರಿಸಿತು. ಆ ಕಾರಿನ ಹೆಸರು ಇಟಾಲಿಯನ್ನಿನಲ್ಲಿ ಗಂಡು ಜಿಂಕೆ ಎಂಬರ್ಥದ ಪದ. ಕನ್ನಡದಲ್ಲಿ ಬರೆದರೆ ಅದೂ 'ಸರ್ವೋ' ಎಂದೇ ಆಗುತ್ತದೆ, ಫಾರ್ಕೊನ ಗುಲಾಮನಿಗೂ ಈ ಜಿಂಕೆಗೂ ಸಂಬಂಧವಿಲ್ಲದಿದ್ದರೂ. ಇಂದು ನಮ್ಮ ಬೀದಿಗಳ ಹೊಸ ಸಣ್ಣ ಕಾರುಗಳಲ್ಲೆಲ್ಲ ಬಹುಪಾಲು ಇದೇ ಬಗೆ. ಪಂಪಿಲ್ಲ, ಪೈಪಿಲ್ಲ, ಡಬ್ಬಿಯೂ ಇಲ್ಲ. ಚಿಕ್ಕಪ್ಪನ ಮಗಳು ತೆಗೆದುಕೊಂಡ ಹೊಸ ಕಾರಿನ ಬಾನೆಟ್ ಎತ್ತಿ ಅವರು ಬಹಳ ಹೊತ್ತು ಹುಡುಕಿದರು. ಆಮೇಲೆ ಮುಚ್ಚಿ, ಸೀಟಿನಲ್ಲಿ ಕೂತು, ನಿಂತಲ್ಲೇ ಒಂದು ಬೆರಳಿನಿಂದ ಚಕ್ರವನ್ನು ಪೂರ್ತಿ ತಿರುಗಿಸಿ ನೋಡಿದರು, ಎಡಗೈಯಲ್ಲಿ.