ಯಂತ್ರದ ಕಥೆಯೂ ನಮ್ಮ ಮಕ್ಕಳೂ

ಮಕ್ಕಳಿಗೆ ಕಥೆ ಬೇಕು, ಹಾಡು ಬೇಕು ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಗಡಿಯಾರದ ಬೆನ್ನು ಬಿಚ್ಚಿ ನೋಡುವ ಹುಡುಗನಿಗೂ, ಹೊಲಿಗೆಯ ಯಂತ್ರದ ಚಕ್ರವನ್ನು ಹಿಂದುಮುಂದಾಗಿ ತಿರುಗಿಸುವ ಹುಡುಗಿಗೂ ಬೇಕಾದುದು ಏನೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ. ಅವರ ಬಾಯಲ್ಲಿ ಹುಟ್ಟುವ ಪ್ರಶ್ನೆ ಎರಡೇ: ಇದು ಏಕೆ, ಇದು ಹೇಗೆ? ಇದಕ್ಕೆ ಹಿರಿಯರಲ್ಲಿ ರೂಢಿಯಾಗಿರುವ ಉತ್ತರವೂ ಎರಡೇ: ಮುಟ್ಟಬೇಡ, ದೊಡ್ಡವನಾದ ಮೇಲೆ ತಿಳಿಯುತ್ತದೆ. ಈ ಎರಡು ಪ್ರಶ್ನೆಗಳಿಗೂ ಆ ಎರಡು ಉತ್ತರಗಳಿಗೂ ನಡುವಣ ತೆರಪನ್ನು ತುಂಬುವುದಕ್ಕಾಗಿ ಹುಟ್ಟಿದ ಪುಸ್ತಕಗಳ ವಿಚಾರವಾಗಿ, ವಿಶೇಷವಾಗಿ ನಮ್ಮ ಪಡುವಣ ಕರಾವಳಿಯ ನೆಲದಿಂದ ಬಂದ ಒಂದು ಯತ್ನದ ವಿಚಾರವಾಗಿ, ಈಗ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇಂಥ ಪುಸ್ತಕಗಳು ಲೋಕಕ್ಕೆ ಹೊಸವಲ್ಲ. 1658ರಲ್ಲಿಯೇ ಮೊರಾವಿಯದ ಕೊಮೇನಿಯಸ್ ಎಂಬ ವಿದ್ವಾಂಸನು ಮಕ್ಕಳಿಗಾಗಿ ಒಂದು ಚಿತ್ರಗಳ ಪುಸ್ತಕವನ್ನು ಹೊರಡಿಸಿದನು. ಗಿಡಮರ, ಪ್ರಾಣಿಪಕ್ಷಿಗಳ ಜೊತೆಗೆ ಹಿಟ್ಟಿನ ಗಿರಣಿ, ಗಡಿಯಾರ, ಅಚ್ಚುಕೂಟ ಮೊದಲಾದುವುಗಳ ಚಿತ್ರಗಳೂ ಅದರಲ್ಲಿ ಬಂದುವು. ಚಿತ್ರದ ಒಂದೊಂದು ಭಾಗಕ್ಕೂ ಅಂಕಿಯನ್ನು ಕೊಟ್ಟು, ಆ ಅಂಕಿಯ ಮುಂದೆ ಅದರ ಹೆಸರನ್ನು ಬರೆದಿದ್ದನು. ಆತನ ಉದ್ದೇಶ ಭಾಷೆಯನ್ನು ಕಲಿಸುವುದು. ಆದರೆ ವಸ್ತುವನ್ನು ತೋರಿಸದೆ ಮಾತನ್ನು ಕಲಿಸಲಾಗದೆಂಬುದು ಆತನಿಗೆ ಮನವರಿಕೆಯಾಗಿತ್ತು. ಮುಂದೆ ಇಂಗ್ಲೆಂಡಿನಲ್ಲಿ ಮೈಕೇಲ್ ಫ್ಯಾರಡೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ ಆ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು, ಎಳೆಯರಿಗಾಗಿ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಉಪನ್ಯಾಸಮಾಲೆಯನ್ನೇ ನಡೆಸಿದನು. ಅದು 1861ರಲ್ಲಿ ಪುಸ್ತಕವಾಯಿತು. 1908ರಿಂದ ಆರ್ಥರ್ ಮೀ ಎಂಬಾತನು ಮಕ್ಕಳ ವಿಶ್ವಕೋಶವನ್ನು ಕಂತುಕಂತಾಗಿ ಪ್ರಕಟಿಸಿದನು. ಇಂಗ್ಲಿಷು ಬಲ್ಲ ಮನೆಗಳ ಮಕ್ಕಳಿಗೆ ಹೀಗೆ ಲೋಕದ ಬಾಗಿಲು ತೆರೆಯಿತು. ಕನ್ನಡವನ್ನು ಮಾತ್ರ ಬಲ್ಲ ಮಕ್ಕಳ ಪಾಡೇನು?

ನಮ್ಮಲ್ಲಿ ಯಂತ್ರಜ್ಞಾನವೇ ಇರಲಿಲ್ಲವೆಂದು ಯಾರೂ ಭ್ರಮಿಸಬಾರದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯನ್ನೇ ನೋಡೋಣ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕಡಲನ್ನು ಸೇರುವ ಈ ನಾಡಿನಲ್ಲಿ ದೋಣಿ ಕಟ್ಟುವವರ ಕೈಯಲ್ಲಿ ಗಾಳಿಯ, ನೀರಿನ, ಮರದ ಶಾಸ್ತ್ರವೇ ಇತ್ತು. ತೋಟದಲ್ಲಿ ಏತ, ಬಾವಿಯ ಮೇಲೆ ರಾಟೆ, ಎಣ್ಣೆಗೆ ಗಾಣ, ಮನೆಯ ಚಾವಡಿಯಲ್ಲಿ ಅಡಕತ್ತರಿ: ಇವೆಲ್ಲವೂ ಯಂತ್ರಗಳೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಹೂಡಿದ ತರುವಾಯ ಕರಾವಳಿಯ ಉದ್ದಕ್ಕೂ ಹಂಚಿನ ಗೂಡುಗಳ ಹೊಗೆ ಕಾಣಿಸಿಕೊಂಡಿತು. ಆದರೆ ಈ ಜ್ಞಾನವೆಲ್ಲ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ನಡೆಯುತ್ತಿದ್ದಿತೇ ಹೊರತು ಪುಸ್ತಕಕ್ಕೆ ಬರಲಿಲ್ಲ. ಮಾಡುವವನಿಗೆ ಬರೆಯುವ ರೂಢಿಯಿರಲಿಲ್ಲ. ಬರೆಯುವವನಿಗೆ ಮಾಡುವ ರೂಢಿಯಿರಲಿಲ್ಲ. ಬಡಗಿಯ ಮಗನಿಗೆ ಏತವನ್ನು ಹೂಡುವುದು ಗೊತ್ತು, ಅದರ ನಿಯಮ ಗೊತ್ತಿಲ್ಲ. ಶಾಲೆಗೆ ಹೋದ ಹುಡುಗನಿಗೆ ನಿಯಮ ಬಾಯಿಪಾಠ, ಅದೂ ಇಂಗ್ಲಿಷಿನಲ್ಲಿ. ಅದು ತನ್ನ ತೋಟದ ಏತಕ್ಕೆ ಸೇರಿದುದೆಂಬ ಅರಿವೇ ಇಲ್ಲ.

ಈ ಕೊರತೆಯನ್ನು ಕಂಡವರು ಇರಲಿಲ್ಲವೆಂದಲ್ಲ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಹೇಳಬಹುದೆಂಬುದನ್ನು ಅವರು ತೋರಿಸಿಕೊಟ್ಟರು. ಆದರೆ ಎರಡು ವರುಷಗಳಲ್ಲಿ ಪತ್ರಿಕೆ ನಿಂತುಹೋಯಿತು. ಇತ್ತ ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಕಥೆಗೂ ಹಾಡಿಗೂ ಒಂದು ನೆಲೆಯನ್ನು ಒದಗಿಸಿದರು. ಒಂದು ಕಡೆ ವಿಜ್ಞಾನವಿತ್ತು, ಅದು ದೊಡ್ಡವರಿಗೆ. ಇನ್ನೊಂದು ಕಡೆ ಮಕ್ಕಳಿದ್ದರು, ಅಲ್ಲಿದ್ದುದು ಕಥೆ ಹಾಡು. ಇವೆರಡನ್ನೂ ಕೂಡಿಸುವ ಕೆಲಸ ಉಳಿದಿತ್ತು.

ಆ ಕೆಲಸಕ್ಕೆ ಕೈಹಾಕಿದವರು ಕೋಟದ ಶಿವರಾಮ ಕಾರಂತರು. ಕೋಟವು ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಊರು. ಅವರು ಅಲ್ಲಿ ಹುಟ್ಟಿದುದು 1902ರ ಅಕ್ಟೋಬರ್ 10ರಂದು. ಅದೇ ವರುಷ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಸಾಗಿಸಿದರು. ಕಾರಂತರು ಕುಂದಾಪುರದ ಹೈಸ್ಕೂಲಿನಲ್ಲಿ ಓದಿ, ಮಂಗಳೂರಿನ ಕಾಲೇಜನ್ನು ಸೇರಿ, ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ಮುಂದೆ ಪುತ್ತೂರಿನಲ್ಲಿ ನೆಲೆಸಿ, ಬಾಲವನವೆಂಬಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಕಾದಂಬರಿಕಾರರೆಂದೂ ಯಕ್ಷಗಾನದ ಪುನರುದ್ಧಾರಕರೆಂದೂ ಅವರನ್ನು ನಾಡು ಬಲ್ಲುದು. ಅವರು 1936ರಲ್ಲಿ ‘ಬಾಲಪ್ರಪಂಚ’ವೆಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವನ್ನು ಕನ್ನಡಕ್ಕೆ ಕೊಟ್ಟರೆಂಬುದನ್ನು ಮಾತ್ರ ನಾವು ಬೇಗ ಮರೆಯುತ್ತೇವೆ.

ಅದರ ಹಿಂದಿನ ವರುಷವೇ, 1935ರಲ್ಲಿ, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟುಗಳ ಒಂದು ಚಿಕ್ಕ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು; ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ನಾಡಿನಲ್ಲಿ ಹರಡಿತು. ಒಬ್ಬರು ಸಂಸ್ಥಾನದಲ್ಲಿ, ಇನ್ನೊಬ್ಬರು ಮದರಾಸು ಆಧಿಪತ್ಯಕ್ಕೆ ಸೇರಿದ ಕರಾವಳಿಯಲ್ಲಿ. ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಒಂದೊಂದು ಸೀಮೆಗೆ ಒಂದೊಂದು ಪಠ್ಯಕ್ರಮ. ಇಂಥಲ್ಲಿ ಮೂರು ಸಂಪುಟಗಳ ಪುಸ್ತಕವನ್ನು ಅಚ್ಚುಮಾಡಿ ಯಾವ ಶಾಲೆಗೆ ಮಾರುವುದು? ಲಾಭದ ಲೆಕ್ಕ ಬಲ್ಲವನು ಈ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಕಾರಂತರು ಮೂವತ್ತರ, ನಲ್ವತ್ತರ ದಶಕಗಳಲ್ಲಿ ಮುದ್ರಣದ ಪ್ರಯೋಗಗಳನ್ನು ತಾವೇ ನಡೆಸಿ ಹಣವನ್ನು ಕಳೆದುಕೊಂಡರು. ಆದರೆ ಅಚ್ಚಿನ ಮೊಳೆಯನ್ನೂ ಮಸಿಯನ್ನೂ ಕೈಯಾರೆ ಮುಟ್ಟಿದವನು ಯಂತ್ರದ ವಿಚಾರವಾಗಿ ಬರೆಯುವುದಕ್ಕೂ, ಕೇಳಿ ಬರೆಯುವುದಕ್ಕೂ ವ್ಯತ್ಯಾಸವಿದೆ.

ಇಂಥ ಪುಸ್ತಕವನ್ನು ಬರೆಯುವುದರ ಕಷ್ಟ ಎಲ್ಲಿದೆಯೆಂಬುದನ್ನು ಕೊಂಚ ವಿಚಾರಿಸೋಣ. ಮೊದಲನೆಯದು ಚಿತ್ರ. ಕಥೆಯ ಪುಸ್ತಕದಲ್ಲಿ ಚಿತ್ರವು ಅಲಂಕಾರ. ಯಂತ್ರದ ಪುಸ್ತಕದಲ್ಲಿ ಚಿತ್ರವೇ ಅರ್ಧ ಪಾಠ. ಒಂದೊಂದು ಚಿತ್ರಕ್ಕೂ ಲೋಹದ ಬ್ಲಾಕನ್ನು ಮಾಡಿಸಬೇಕಾಗಿದ್ದ ಕಾಲದಲ್ಲಿ ಪುಟಕ್ಕೊಂದು ಚಿತ್ರವೆಂದರೆ ಪ್ರಕಾಶಕನ ಎದೆ ನಡುಗುತ್ತಿತ್ತು. ಎರಡನೆಯದು ಮಾತು. ಪಿಸ್ಟನ್ ಎಂದೇ ಬರೆಯುವುದೋ, ಸಂಸ್ಕೃತದಿಂದ ಹೊಸ ಶಬ್ದವೊಂದನ್ನು ಕಟ್ಟುವುದೋ, ಕೊಳವೆಯೊಳಗೆ ಹೋಗಿಬರುವ ಬಿರಡೆ ಎಂದು ಬಿಡಿಸಿ ಹೇಳುವುದೋ? ಮೊದಲನೆಯದರಿಂದ ಹುಡುಗನಿಗೆ ಬರಿಯ ಹೆಸರು ಸಿಗುತ್ತದೆ. ಎರಡನೆಯದರಿಂದ ಒಂದು ಒಗಟಿಗೆ ಬದಲಾಗಿ ಇನ್ನೊಂದು ಒಗಟು ಸಿಗುತ್ತದೆ. ಮೂರನೆಯದರಿಂದಲೇ ವಸ್ತುವು ಕಣ್ಣಿಗೆ ಕಟ್ಟುವುದು. ಬಿರಡೆ ಗೊತ್ತಾದ ಬಳಿಕ ಪಿಸ್ಟನ್ ಎಂದರೂ ಕೆಡಕಿಲ್ಲ.

ಮೂರನೆಯದು ಎಲ್ಲಿಂದ ಆರಂಭಿಸಬೇಕೆಂಬುದು. ಉಗಿಯಂತ್ರವನ್ನೇ ತೆಗೆದುಕೊಳ್ಳೋಣ. ಉಗಿಯು ಅನ್ನದ ಪಾತ್ರೆಯ ಮುಚ್ಚಳವನ್ನು ಎತ್ತುತ್ತದೆಂದು ಹೇಳಿ ಮುಗಿಸುವವರು ಬಹಳ. ಅಷ್ಟರಿಂದ ಗಾಡಿ ಓಡುವ ಬಗೆ ತಿಳಿಯಲಿಲ್ಲ. ಮುಚ್ಚಳ ಮೇಲಕ್ಕೇಳುತ್ತದೆ, ಕೆಳಕ್ಕೆ ಬೀಳುತ್ತದೆ, ಗಾಲಿಯಾದರೋ ಸುತ್ತುತ್ತದೆ. ಹೋಗಿಬರುವ ಚಲನೆ ಸುತ್ತುವ ಚಲನೆಯಾದುದು ಹೇಗೆ? ಅದನ್ನು ತಿಳಿಸಲು ಹೊಲಿಗೆಯ ಯಂತ್ರದ ಕಾಲುಮಣೆ ಬೇಕು. ಕಾಲು ಮೇಲೆ ಕೆಳಗೆ ಆಡುತ್ತದೆ. ಮಣೆಗೆ ತಗಲಿಸಿದ ಕೋಲು ಚಕ್ರದ ನಡುವನ್ನು ಹಿಡಿಯದೆ, ನಡುವಿನಿಂದ ತುಸು ಪಕ್ಕವನ್ನು ಹಿಡಿದಿರುವುದರಿಂದ ಚಕ್ರ ಸುತ್ತುತ್ತದೆ. ಉಗಿಬಂಡಿಯಲ್ಲಿ ಕಾಲಿನ ಬದಲು ಉಗಿ, ಅದೂ ಬಿರಡೆಯ ಎರಡು ಮಗ್ಗುಲಿನಿಂದಲೂ ಸರದಿಯ ಮೇಲೆ ನೂಕುವ ಉಗಿ. ಇಷ್ಟು ಹೇಳಿದರೆ ಉಗಿಬಂಡಿಯನ್ನು ಕಾಣದ ಹುಡುಗನೂ ಅದನ್ನು ಮನಸ್ಸಿನಲ್ಲಿ ಓಡಿಸಬಲ್ಲನು.

ಏತದ ವಿಚಾರವೂ ಹೀಗೆಯೇ. ಆಧಾರದಿಂದ ಹಿಂದಿನ ತೋಳು ಒಂದು ಮಾರು, ಮುಂದಿನದು ಮೂರು ಮಾರು ಎಂದಿಟ್ಟುಕೊಂಡರೆ, ತುಂಬಿದ ಕೊಡವನ್ನು ತೂಗಿ ನಿಲ್ಲಿಸಲು ಹಿಂದೆ ಅದರ ಮೂರರಷ್ಟು ತೂಕದ ಕಲ್ಲು ಬೇಕು. ನೀರೆತ್ತುವವನು ಬರಿಯ ಕೊಡವನ್ನು ತನ್ನ ಮೈಭಾರದಿಂದ ಕೆಳಕ್ಕೆ ಎಳೆಯುತ್ತಾನೆ. ತುಂಬಿದ ಕೊಡವನ್ನು ಕಲ್ಲು ಎತ್ತುತ್ತದೆ. ಶ್ರಮ ಉಳಿಯಿತೆಂದಲ್ಲ, ಎತ್ತುವ ಶ್ರಮ ಜಗ್ಗುವ ಶ್ರಮವಾಯಿತು, ಜಗ್ಗುವುದು ಮನುಷ್ಯನ ಮೈಗೆ ಸುಲಭ. ಈ ಒಂದು ಮಾತನ್ನು ಅರಿತ ಹುಡುಗನು ತಕ್ಕಡಿಯನ್ನೂ, ಅಡಕತ್ತರಿಯನ್ನೂ, ದೋಣಿಯ ಹುಟ್ಟನ್ನೂ ಹೊಸ ಕಣ್ಣಿನಿಂದ ನೋಡುವನು. ಯಂತ್ರವು ಬಿಟ್ಟಿಯಾಗಿ ಏನನ್ನೂ ಕೊಡುವುದಿಲ್ಲ, ಒಂದನ್ನು ಪಡೆದು ಇನ್ನೊಂದನ್ನು ಕೊಡುತ್ತದೆಂಬ ದೊಡ್ಡ ಸತ್ಯವೂ ಅವನಿಗೆ ತೋಟದ ಬದುವಿನಲ್ಲಿಯೇ ದೊರೆತಂತಾಯಿತು.

‘ಬಾಲಪ್ರಪಂಚ’ವು ಹೊರಟಾಗ ಕುಂದಾಪುರ, ಬೈಂದೂರುಗಳ ಮಕ್ಕಳು ರೈಲನ್ನು ತಮ್ಮ ಊರಿನಲ್ಲಿ ಕಂಡವರಲ್ಲ. ಮಂಗಳೂರಿಗೆ ರೈಲು 1907ರಲ್ಲಿ ಬಂದಿತು; ಅಲ್ಲಿಂದ ಉತ್ತರಕ್ಕೆ ಹೊಳೆಹೊಳೆಗೂ ಕಡವು, ದೋಣಿಗಾಗಿ ಕಾಯುವುದು. ಕೊಂಕಣ ರೈಲುಮಾರ್ಗವು ರೋಹಾದಿಂದ ಮಂಗಳೂರಿನವರೆಗೆ 740 ಕಿಲೋಮೀಟರಿಗೂ ಹೆಚ್ಚು ದೂರ ಪೂರ್ತಿಯಾಗಿ ತೆರೆದುದು 1998ರ ಜನವರಿ 26ರಂದು. ಬಾರಕೂರು, ಕುಂದಾಪುರ, ಬೈಂದೂರುಗಳಲ್ಲಿ ನಿಲ್ದಾಣಗಳಾದುವು. ಕಾರಂತರು ಅದಕ್ಕೆ ಏಳು ವಾರ ಮುಂಚೆ, 1997ರ ಡಿಸೆಂಬರ್ 9ರಂದು, ತೀರಿಕೊಂಡಿದ್ದರು. ಯಂತ್ರವು ಊರನ್ನು ಮುಟ್ಟುವುದಕ್ಕೆ ಅರುವತ್ತು ವರುಷ ಮೊದಲೇ ಕನ್ನಡದ ಮಕ್ಕಳ ವಿಶ್ವಕೋಶವು ಸಿದ್ಧವಾಗಿತ್ತೆಂಬುದು ಸಣ್ಣ ಸಂಗತಿಯಲ್ಲ.

ಕಾರಂತರು ಅಷ್ಟಕ್ಕೇ ನಿಲ್ಲಲಿಲ್ಲ. 1959ರಿಂದ 1964ರ ಒಳಗೆ ‘ವಿಜ್ಞಾನ ಪ್ರಪಂಚ’ವೆಂಬ ನಾಲ್ಕು ದೊಡ್ಡ ಸಂಪುಟಗಳನ್ನು ಹೊರತಂದರು. ಅವರು ದಾರಿ ತುಳಿದ ಮೇಲೆ ಇತರರೂ ಬಂದರು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಸಿದ್ಧವಾದುವು, 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಹುಟ್ಟಿತು. ಒಬ್ಬನೇ ಹೊತ್ತ ಹೊರೆಯನ್ನು ಹಲವರು ಹಂಚಿಕೊಂಡರು.

ಯಂತ್ರವನ್ನು ಮಕ್ಕಳಿಗೆ ಪರಿಚಯಿಸುವವನು ಯಂತ್ರದ ಭಟ್ಟಂಗಿಯಾಗಬೇಕೆಂದು ನಿಯಮವಿಲ್ಲ. ಇದಕ್ಕೂ ಕಾರಂತರ ಬಾಳೇ ನಿದರ್ಶನ. ಉತ್ತರ ಕನ್ನಡದ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರವನ್ನು ಕಟ್ಟಲು ಹೊರಟಾಗ ಅವರು ಅದನ್ನು ವಿರೋಧಿಸಿದರು. 1989ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೂ ನಿಂತರು. ಸೋತರು. ಕೈಗಾದ ಮೊದಲ ಘಟಕಗಳು 2000ದಲ್ಲಿ ವಿದ್ಯುತ್ತನ್ನು ಕೊಡತೊಡಗಿದುವು. ಅದೇ 1989ರಲ್ಲಿ ಅವರ ಹುಟ್ಟೂರಿನ ಸೀಮೆಯಲ್ಲಿ, ಹೊಸಂಗಡಿಯ ನೆಲದೊಳಗೆ, ವಾರಾಹಿಯ ನೀರಿನಿಂದ ವಿದ್ಯುದುತ್ಪಾದನೆ ಆರಂಭವಾಯಿತು. ಕೈಗಾದ ವಿಚಾರದಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪು ಇಲ್ಲಿ ನಮ್ಮ ಕೆಲಸವಲ್ಲ. ಆದರೆ ಇದು ಹೇಗೆ ನಡೆಯುತ್ತದೆ, ಕೆಟ್ಟರೆ ಏನಾಗುತ್ತದೆ, ಉಳಿದ ಬೂದಿಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳುವ ಹಕ್ಕು ಪ್ರಜೆಗೆ ಉಂಟೆಂಬುದನ್ನು ಅವರು ತೋರಿಸಿದರು. ‘ಹೇಗೆ’ ಎಂದು ಕೇಳಲು ಮಕ್ಕಳಿಗೆ ಕಲಿಸಿದವರು ತಾವೂ ಕಡೆಯವರೆಗೆ ಅದನ್ನು ಬಿಡಲಿಲ್ಲ.

ಇಂದು ನಮ್ಮ ಮನೆಗಳಲ್ಲಿ ಹಿಂದೆಂದಿಗಿಂತಲೂ ಹೆಚ್ಚು ಯಂತ್ರಗಳಿವೆ. ಆದರೆ ಅವುಗಳ ಹೊಟ್ಟೆಯೊಳಗೆ ಇಣಿಕಿ ನೋಡುವಂತಿಲ್ಲ. ಏತದ ಕಲ್ಲು ಕಣ್ಣಿಗೆ ಕಾಣುತ್ತಿತ್ತು, ಗಡಿಯಾರದ ಹಲ್ಲುಗಾಲಿಯೂ ಕಾಣುತ್ತಿತ್ತು. ಕೈಯಲ್ಲಿ ಹಿಡಿಯುವ ದೂರವಾಣಿಯನ್ನು ಬಿಚ್ಚಿದ ಹುಡುಗನಿಗೆ ತಿರುಗುವುದೊಂದೂ ಕಾಣಸಿಗದು. ಬಿಚ್ಚಿ ತಿಳಿಯಲಾಗದ ಯಂತ್ರವನ್ನು ಓದಿಯೇ ತಿಳಿಯಬೇಕಾಗಿರುವುದರಿಂದ ಪುಸ್ತಕದ ಹೊಣೆ ಈಗ ಇಮ್ಮಡಿಯಾಗಿದೆ. ತಿಳಿಯದ ಯಂತ್ರವನ್ನು ಬಳಸುವವನು ಅದರ ಒಡೆಯನಲ್ಲ, ಬರಿಯ ಗಿರಾಕಿ. ತನ್ನ ಮನೆಮಾತಿನಲ್ಲಿ ಅದನ್ನು ತಿಳಿಯಲಾರದವನಿಗೆ ಆ ಮಾತು ಕೂಡ ಅಡುಗೆಮನೆಗೂ ಹಬ್ಬಹರಿದಿನಕ್ಕೂ ಮೀಸಲಾಗಿ ಉಳಿಯುವುದು.

ಆದುದರಿಂದ ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಊರಿನ ಪುಸ್ತಕಭಂಡಾರದಲ್ಲಿ ಈ ಹಳೆಯ ಸಂಪುಟಗಳು ಧೂಳು ತಿನ್ನುತ್ತಿದ್ದರೆ ಕೆಳಕ್ಕೆ ಇಳಿಸಿ ಮಕ್ಕಳ ಕೈಗೆ ಕೊಡಿರಿ. ಅವುಗಳಲ್ಲಿನ ಕೆಲವು ವಿಷಯಗಳು ಹಳತಾಗಿರಬಹುದು. ಕೇಳುವ ಬಗೆ ಹಳತಾಗಿಲ್ಲ. ಹೊಸ ಯಂತ್ರಗಳ ವಿಚಾರವಾಗಿ ಬಲ್ಲವರು ಕನ್ನಡದಲ್ಲಿ ಬರೆಯಿರಿ, ಬಿರಡೆ ಕೊಳವೆಗಳ ಮಾತಿನಲ್ಲಿ ಬರೆಯಿರಿ. ಮತ್ತು ಹುಡುಗನು ‘ಹೇಗೆ’ ಎಂದು ಕೇಳಿದಾಗ ‘ಮುಟ್ಟಬೇಡ’ ಎನ್ನುವ ಬದಲು ‘ಬಾ, ನೋಡೋಣ’ ಎನ್ನಿರಿ.