ಕಲ್ನಾರಿನ ಧೂಳು ಮತ್ತು ಕಾನೂನಿನ ಪಟ್ಟಿ

ಕಲ್ನಾರಿನ ಧೂಳಿನಿಂದುಂಟಾಗುವ ರೋಗವು ಇಂಗ್ಲೆಂಡಿನ ಕಾನೂನಿನಲ್ಲಿ ಸ್ಥಾನ ಪಡೆದುದು 1931ರಲ್ಲಿ. ಅದುವರೆಗೆ ಈ ಧೂಳಿನ ಕೇಡು ಯಾರಿಗೂ ತಿಳಿದಿರಲಿಲ್ಲವೆಂದು ಊಹಿಸುವುದು ಸಹಜ. ದಾಖಲೆಗಳಲ್ಲಿ ನಮಗೆ ಕಾಣುವ ಸಂಗತಿಯೇ ಬೇರೆ.

ಕಾರ್ಖಾನೆಗಳ ತನಿಖಾಧಿಕಾರಿಣಿ ಲೂಸಿ ಡೀನ್ ಅವರು 1898ರಷ್ಟು ಹಿಂದೆಯೇ, ಸೂಕ್ಷ್ಮದರ್ಶಕದಲ್ಲಿ ಈ ಧೂಳಿನ ಕಣಗಳು ಗಾಜಿನ ಚೂರುಗಳಂತೆ ಮೊನಚಾಗಿ ತೋರುವುದನ್ನೂ ಅವುಗಳಿಂದ ಒದಗುವ ಹಾನಿಯನ್ನೂ ವರದಿ ಮಾಡಿದ್ದರು. 1906ರಲ್ಲಿ ಲಂಡನ್ನಿನ ವೈದ್ಯ ಮಾಂಟೇಗ್ಯು ಮರ್ರೇ ಅವರು, 1900ರಲ್ಲಿ ತೀರಿಕೊಂಡ ತಮ್ಮ ರೋಗಿಯೊಬ್ಬನ ವೃತ್ತಾಂತವನ್ನು ಸರಕಾರಿ ಸಮಿತಿಯ ಮುಂದಿಟ್ಟರು. ಕಲ್ನಾರನ್ನು ಹಿಂಜುವ ಕೋಣೆಯಲ್ಲಿ ದುಡಿದ ಹತ್ತು ಮಂದಿಯಲ್ಲಿ ಬದುಕಿ ಉಳಿದವನು ತಾನೊಬ್ಬನೇ ಎಂದು ಆತ ಹೇಳಿದ್ದನಂತೆ. ಆದರೂ ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಗೆ ಇದು ಸೇರಲಿಲ್ಲ.

ಪಟ್ಟಿಯಲ್ಲಿಲ್ಲದ ರೋಗವು ಕಾನೂನಿನ ಕಣ್ಣಿಗೆ ರೋಗವೇ ಅಲ್ಲ. ಇದರ ಫಲವನ್ನುಂಡವಳು ನೆಲ್ಲಿ ಕರ್ಷಾ. 1903ರಲ್ಲಿ, ಹನ್ನೆರಡನೆಯ ವಯಸ್ಸಿಗೇ ದುಡಿಮೆಗೆ ಸೇರಿದ ಈಕೆ, ತರುವಾಯ ರೋಚ್‌ಡೇಲಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದಳು. ಕಾಯಿಲೆ ಬಿದ್ದಾಗ ವೈದ್ಯರು ಕಲ್ನಾರೇ ಕಾರಣವೆಂದು ಬರೆದುಕೊಟ್ಟರು. ಹಾಗೆ ಬರೆದುದೇ ಆಕೆಗೆ ಮುಳುವಾಯಿತೆನ್ನಬೇಕು. ಕಸುಬಿನಿಂದ ಬಂದ ರೋಗಕ್ಕೆ ಮಾಲಿಕರೇ ಹೊಣೆಯೆಂದು ವಿಮೆಯವರು ಭತ್ಯವನ್ನು ನಿರಾಕರಿಸಿದರು. ಅಂಥ ರೋಗವೇ ಪಟ್ಟಿಯಲ್ಲಿಲ್ಲವೆಂದು ಕಂಪನಿಯವರು ಕೈತೊಳೆದುಕೊಂಡರು. 1924ರ ಮಾರ್ಚ್ 14ರಂದು, 33ನೆಯ ವಯಸ್ಸಿನಲ್ಲಿ, ಆಕೆ ಮಡಿದಳು. ಶವಸಂಸ್ಕಾರದ ವೆಚ್ಚಕ್ಕೂ ಕಂಪನಿಯಿಂದ ಹಣ ದೊರೆಯಲಿಲ್ಲ.

ಆಕೆಯ ಶ್ವಾಸಕೋಶಗಳನ್ನು ಪರೀಕ್ಷಿಸಿದ ಡಾ. ಕುಕ್ ಅವರು ಅದೇ ವರ್ಷ ಅದರ ವಿವರವನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ, 1927ರಲ್ಲಿ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರನ್ನು ಬಳಸಿದರು. ಬಳಿಕ ಸರಕಾರದ ವೈದ್ಯಾಧಿಕಾರಿ ಮೆರೆವೆದರ್ ಅವರು 363 ಕೆಲಸಗಾರರನ್ನು ಪರೀಕ್ಷಿಸಿ, 95 ಮಂದಿಯ ಶ್ವಾಸಕೋಶಗಳು ನಾರುಗಟ್ಟಿರುವುದನ್ನು ಕಂಡರು. 1930ರ ಈ ವರದಿಯೇ ಮರುವರ್ಷದ ನಿಯಮಗಳಿಗೆ ಆಧಾರ.

ಆ ನಿಯಮಗಳಾದರೂ ಕಾರ್ಖಾನೆಯ ಕೆಲವು ಕ್ರಿಯೆಗಳಿಗೆ ಮಾತ್ರ ಸಂಬಂಧಿಸಿದ್ದುವು. ಹಡಗುಗಳ ಆವಿಕೊಳವೆಗಳಿಗೆ ಕಲ್ನಾರನ್ನು ಮೆತ್ತುತ್ತಿದ್ದವರು ಬಹುಮಟ್ಟಿಗೆ ಹೊರಗೇ ಉಳಿದರು. ಮತ್ತೊಂದು ಪಟ್ಟಿ, ಮತ್ತೊಂದು ಬೇಲಿ! 1960ರಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಗಣಿ ಪ್ರದೇಶದಲ್ಲಿ ಎದೆಗೂಡಿನ ಒಳಪೊರೆಯ ಕ್ಯಾನ್ಸರನ್ನು ಗುರುತಿಸಿದಾಗ, ಗಣಿಯಲ್ಲಿ ದುಡಿಯದೆ ಬರಿದೆ ಆ ನೆರೆಯಲ್ಲಿ ಬಾಳಿದವರೂ ರೋಗಿಗಳಲ್ಲಿದ್ದರು. ಬ್ರಿಟನ್ನು ಕಲ್ನಾರಿನ ಬಳಕೆಯನ್ನು ಪೂರ್ಣವಾಗಿ ನಿಷೇಧಿಸಿದುದು 1999ರಲ್ಲಿ.

ರೋಗವು ಹಲವು ದಶಕಗಳ ಕಾಲ ಒಳಗೇ ಅಡಗಿರಬಲ್ಲುದು. ಆದುದರಿಂದಲೇ ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ, ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆಯನ್ನೂ ಆತ ಕೆಲಸಕ್ಕೆ ಸೇರಿದಂದಿನಿಂದ 40 ವರ್ಷಗಳವರೆಗೆ, ಇಲ್ಲವೆ ಕೆಲಸ ಬಿಟ್ಟ ತರುವಾಯ 15 ವರ್ಷಗಳವರೆಗೆ, ಕಾಪಾಡಬೇಕೆಂದು ವಿಧಿಸಿತು.