ಸಿಂಧನೂರು–ಲಿಂಗಸುಗೂರು ಸೀಮೆಯಲ್ಲಿ ವೀಡಿಯೊ ಕ್ಯಾಸೆಟ್ ಯಂತ್ರ: ಒಂದು ಐತಿಹಾಸಿಕ ವಿಚಾರ

ಚರಿತ್ರೆಯ ಅಭ್ಯಾಸಿಗಳಾದ ನಾವು ಶಾಸನ, ನಾಣ್ಯ, ಕಡತಗಳನ್ನು ಆಕರಗಳೆಂದು ಮನ್ನಿಸುವಷ್ಟು ಸುಲಭವಾಗಿ ಮನೆಬಳಕೆಯ ಯಂತ್ರಗಳನ್ನು ಮನ್ನಿಸುವುದಿಲ್ಲ. ನಿನ್ನೆ ಮೊನ್ನೆಯವರೆಗೆ ಪಡಸಾಲೆಯಲ್ಲಿದ್ದು ಇಂದು ಅಟ್ಟವನ್ನು ಸೇರಿರುವ ವಸ್ತುವಿಗೆ ಚರಿತ್ರೆಯೆಂತಹುದು ಎಂದು ಕೇಳುವವರೂ ಉಂಟು. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶದ ಇತ್ತೀಚಿನ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಟವರು ವೀಡಿಯೊ ಕ್ಯಾಸೆಟ್ ಯಂತ್ರವನ್ನು ಬದಿಗಿಡುವಂತಿಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಯಂತ್ರವು ಜನರಿಗೆ ತಮಗೆ ಬೇಕಾದುದನ್ನು ನೋಡುವ ಸ್ವಾತಂತ್ರ್ಯವನ್ನು ಕೊಟ್ಟಿತು; ಆದರೆ ಅಗ್ಗದ ರೂಪದಲ್ಲಿ ಬಂದುದರಿಂದ, ಕಂಡುದನ್ನು ದಾಖಲಿಸಿ ಉಳಿಸಿಕೊಳ್ಳುವ ಶಕ್ತಿಯನ್ನು ಬಹುಮಂದಿಗೆ ಕೊಡಲಿಲ್ಲ. ಇದರ ಪರಿಣಾಮವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಗೆ ದೂರದರ್ಶನವು ಮೊದಲು ಬಂದುದು ಮನೆಯ ವಸ್ತುವಾಗಿ ಅಲ್ಲ, ಊರಿನ ವಸ್ತುವಾಗಿ. 1975ನೆಯ ಆಗಸ್ಟ್ 1ರಂದು ಆರಂಭವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿಕೊಂಡಿತು. ಕರ್ನಾಟಕದಲ್ಲಿ ಅದಕ್ಕೆ ಒಳಪಟ್ಟವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ತಂತಿಬಲೆಯ ದೊಡ್ಡ ಬೋಗುಣಿಯಂತಿದ್ದ ಆಂಟೆನಾ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಸಂಕೇತವನ್ನು ಹಿಡಿಯುತ್ತಿತ್ತು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಹಿರಿಯರಿಗೆ ಎಂದು ಕಾರ್ಯಕ್ರಮಗಳನ್ನು ವಿಂಗಡಿಸಿದ್ದರು. 1976ನೆಯ ಜುಲೈ 31ಕ್ಕೆ ಪ್ರಯೋಗವು ಮುಗಿಯಿತು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರಕೇಂದ್ರವು ತೆರೆಯಿತು. 1982ನೆಯ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಬಂದವು. ಇವೆಲ್ಲವುಗಳಲ್ಲಿಯೂ ಒಂದು ಸಂಗತಿ ಸಮಾನವಾಗಿತ್ತು: ಏನನ್ನು ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದನ್ನು ಗೊತ್ತುಮಾಡುವವನು ನೋಡುವವನಲ್ಲ.

ಗೊತ್ತುಮಾಡುವ ಅಧಿಕಾರವನ್ನು ನೋಡುವವನಿಗೆ ವರ್ಗಾಯಿಸಿದ ಯಂತ್ರವು ಹೆಚ್ಚುಕಡಮೆ ಇದೇ ವರ್ಷಗಳಲ್ಲಿ ಜಪಾನಿನಲ್ಲಿ ಸಿದ್ಧವಾಗುತ್ತಿದ್ದುದು ಗಮನಾರ್ಹ. ಸೋನಿ ಸಂಸ್ಥೆಯು 1975ರಲ್ಲಿ ಬೀಟಾಮ್ಯಾಕ್ಸನ್ನೂ, ಜೆ.ವಿ.ಸಿ. ಸಂಸ್ಥೆಯು 1976ರಲ್ಲಿ ವಿ.ಎಚ್.ಎಸ್. ಪದ್ಧತಿಯನ್ನೂ ಮಾರಾಟಕ್ಕೆ ತಂದವು. ನಮ್ಮ ದೇಶದಲ್ಲಿ ನೆಲೆನಿಂತುದು ಎರಡನೆಯದು. ಅದರ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಎರಡೂವರೆ ಗಂಟೆಯ ಕನ್ನಡ ಚಿತ್ರವೊಂದು ಇಡಿಯಾಗಿ ಹಿಡಿಯುತ್ತಿತ್ತು. ಭಾರತದ ಪ್ರಸಾರವು ಪಾಲ್ ಪದ್ಧತಿಯದಾದುದರಿಂದ, ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಗೆ ಮಾತ್ರ ಹೊಂದುವ ಯಂತ್ರವನ್ನು ತಂದವರಿಗೆ ಅದು ಇಲ್ಲಿ ಕೆಲಸಕ್ಕೆ ಬಾರದು. ಕೊಳ್ಳುವವರು ಮೊದಲು ವಿಚಾರಿಸಬೇಕಾಗಿದ್ದ ಅಂಶವಿದು.

ಇಂತಹ ಯಂತ್ರವನ್ನು ಕೊಳ್ಳಲು ಹಣವೆಲ್ಲಿಂದ ಬಂದಿತು? ಇದಕ್ಕೆ ಉತ್ತರವನ್ನು ನೀರಿನಲ್ಲಿಯೂ ಚಿನ್ನದಲ್ಲಿಯೂ ಹುಡುಕಬೇಕು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಲಾರಂಭಿಸಿದ ಮೇಲೆ ಸಿಂಧನೂರು ಭಾಗವು ಕ್ರಮೇಣ ಜೋಳದ ಸೀಮೆಯಿಂದ ಭತ್ತದ ಸೀಮೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಸುಗ್ಗಿಯಲ್ಲಿ ಒಮ್ಮೆಲೇ ಕೈಗೆ ಬರುವ ಹಣವು ದೊಡ್ಡ ವಸ್ತುವಿನ ಖರೀದಿಗೆ ಅನುಕೂಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಾದರೋ ತಿಂಗಳ ಸಂಬಳವಿತ್ತು. ಅಲ್ಲಿ ಕಂತಿನ ವ್ಯವಹಾರವು ಸಹಜ. ಎರಡೂ ಪಟ್ಟಣಗಳ ನಡುವಣ ದಾರಿಯಲ್ಲಿರುವ ಮಸ್ಕಿಗೆ ಎರಡರ ಸಂಪರ್ಕವೂ ಉಂಟು. ತೆಲುಗು ಮಾತಾಡುವ ಮನೆಗಳಿಗೆ ದಿಲ್ಲಿಯ ಹಿಂದಿಗಿಂತ ಕ್ಯಾಸೆಟ್ಟಿನ ತೆಲುಗು ಹತ್ತಿರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಖರೀದಿಗಿಂತ ಮೊದಲಿನ ಹಂತ ಬಾಡಿಗೆಯದು. ಉತ್ತರ ಕರ್ನಾಟಕದ ಊರುಗಳಲ್ಲಿ ಒಂದು ರಾತ್ರಿಯ ಮಟ್ಟಿಗೆ ಟಿ.ವಿ., ಯಂತ್ರ, ಮೂರು ನಾಲ್ಕು ಕ್ಯಾಸೆಟ್ಟುಗಳನ್ನು ಒಟ್ಟಾಗಿ ಬಾಡಿಗೆಗೆ ತಂದು, ಓಣಿಯವರೆಲ್ಲ ಪಟ್ಟಿ ಹಾಕಿ, ಗುಡಿಯ ಮುಂದೆಯೋ ಮನೆಯ ಅಂಗಳದಲ್ಲಿಯೋ ಬೆಳಗಾಗುವವರೆಗೆ ನೋಡುವ ಕ್ರಮವಿತ್ತು. ಸೈಟಿನ ಕಾಲದ ಊರೊಟ್ಟಿನ ನೋಟವು ಇಲ್ಲಿ ಮುಂದುವರಿಯಿತು. ಆಯ್ಕೆ ಮಾತ್ರ ಓಣಿಯದಾಯಿತು. ಯಂತ್ರವನ್ನು ಮನೆಗೇ ಕೊಂಡ ಮೇಲೆ ಆಯ್ಕೆಯು ಕುಟುಂಬದ್ದಾಯಿತು, ನೋಟವು ನಾಲ್ಕು ಗೋಡೆಗಳ ಒಳಗೆ ಸೇರಿತು.

ಕೊಳ್ಳುವವರ ಮುಂದೆ ಎರಡು ಬಗೆಯ ಯಂತ್ರಗಳಿದ್ದವು. ವಿ.ಸಿ.ಆರ್. ಎಂಬುದು ತೋರಿಸುತ್ತಲೂ ಇತ್ತು, ದಾಖಲಿಸುತ್ತಲೂ ಇತ್ತು, ವಿ.ಸಿ.ಪಿ. ಎಂಬುದು ತೋರಿಸುತ್ತಿತ್ತು, ಅಷ್ಟೆ. ಎರಡನೆಯದರಲ್ಲಿ ಪ್ರಸಾರವನ್ನು ಹಿಡಿಯುವ ಭಾಗವಾಗಲಿ ಗಡಿಯಾರದ ಏರ್ಪಾಡಾಗಲಿ ಬೇಕಿಲ್ಲದುದರಿಂದ ಬೆಲೆ ಕಡಮೆ. ಕೈಬಿಗಿಯುಳ್ಳ ಕುಟುಂಬವು ಅದನ್ನೇ ಆರಿಸುವುದು ನ್ಯಾಯವೇ ಸರಿ. ನಮ್ಮಲ್ಲಿ ಈ ಯಂತ್ರದ ಮುಖ್ಯ ಪ್ರಯೋಜನವು ಪ್ರದರ್ಶನವೇ ಆಗಿತ್ತೆಂಬುದಕ್ಕೆ ಕಾನೂನಿನ ಚರಿತ್ರೆಯೂ ಸಾಕ್ಷಿಯಾಗಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ನೆಯ ಜನವರಿ 17ರಂದು ತೀರ್ಮಾನಿಸಿದ ಪ್ರಶ್ನೆ, ಪ್ರಸಾರವಾಗುವ ಕಾರ್ಯಕ್ರಮವನ್ನು ಮನೆಯಲ್ಲಿ ದಾಖಲಿಸಿಕೊಂಡು ಆಮೇಲೆ ನೋಡುವುದು ಅಪರಾಧವೇ ಎಂಬುದು. ಅಲ್ಲವೆಂದು ಅದು ಹೇಳಿತು. ಅದೇ ವರ್ಷದ ಅಕ್ಟೋಬರ್ 8ರಿಂದ ಜಾರಿಗೆ ಬಂದ ನಮ್ಮ ಕೃತಿಸ್ವಾಮ್ಯ ತಿದ್ದುಪಡಿಯ ಚಿಂತೆಯಾದರೋ ಕಳ್ಳ ಪ್ರತಿಗಳದು. 1993ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮೀ ವೀಡಿಯೊ ಥಿಯೇಟರ್ಸ್ ಮೊಕದ್ದಮೆಯಲ್ಲಿ, ವೀಡಿಯೊ ಮೂಲಕ ಸಾರ್ವಜನಿಕರಿಗೆ ಚಿತ್ರ ತೋರಿಸುವುದೂ ಸಿನಿಮಾ ಕಾನೂನಿಗೆ ಒಳಪಡುತ್ತದೆಂದು ನಿರ್ಣಯಿಸಿತು. ಅಲ್ಲಿಯ ವಿವಾದ ದಾಖಲಿಸುವುದನ್ನು ಕುರಿತದ್ದು, ಇಲ್ಲಿಯದು ತೋರಿಸುವುದನ್ನು ಕುರಿತದ್ದು.

ಯಂತ್ರದ ಬಳಕೆಯಲ್ಲಿಯೂ ಸೀಮೆಯ ಗುಣವು ಕಾಣುತ್ತದೆ. ಅರ್ಧ ಅಂಗುಲದ ಟೇಪು 62 ಮಿಲಿಮೀಟರ್ ವ್ಯಾಸದ, ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮನ್ನು ಓರೆಯಾಗಿ ಸುತ್ತಿ ಹೋಗುತ್ತದೆ. ಡ್ರಮ್ಮಿನ ಮೈಯಲ್ಲಿರುವ ಹೆಡ್ಡುಗಳು ಚಿತ್ರವನ್ನು ಓದುತ್ತವೆ. ಅವುಗಳ ಸೀಳಿನಲ್ಲಿ ಕಣ್ಣಿಗೆ ಕಾಣದಷ್ಟು ಧೂಳು ಸೇರಿದರೂ ತೆರೆಯ ಮೇಲೆ ಬಿಳಿಯ ಚುಕ್ಕೆಗಳ ಮಳೆ. ಎರೆಮಣ್ಣಿನ ಬೇಸಗೆಯ ಧೂಳು ಬಲ್ಲವರಿಗೆ, ಯಂತ್ರದ ಮೇಲೆ ಹೊದಿಸುತ್ತಿದ್ದ ಕಸೂತಿಯ ವಸ್ತ್ರವು ಕೇವಲ ಅಲಂಕಾರವಲ್ಲವೆಂಬುದು ತಿಳಿಯುತ್ತದೆ. ವಿದ್ಯುತ್ತಿನ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕಾಗುತ್ತಿತ್ತು.

ಮನೆಯವರು ತಾವೇ ದಾಖಲಿಸದಿದ್ದ ಕಾರಣ, ಈ ಸೀಮೆಯ ಚಲಿಸುವ ಚಿತ್ರಗಳನ್ನು ದಾಖಲಿಸಿದವರು ಬಹುಮಟ್ಟಿಗೆ ಮದುವೆಗೆ ಕರೆತರುತ್ತಿದ್ದ ಫೋಟೋ ಸ್ಟುಡಿಯೊದವರು. ಮದುವೆಯ ಕ್ಯಾಸೆಟ್ಟನ್ನು ನಾವು ಹಗುರವಾಗಿ ಕಾಣಬಾರದು. ಮೆರವಣಿಗೆ ಹೋದ ಬೀದಿ, ಅಂದಿನ ಮನೆಗಳ ಮಾಳಿಗೆ, ಉಡುಗೆತೊಡುಗೆ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕುಳಿತರೆಂಬುದು, ಮೈಕಿನಲ್ಲಿ ಹೆಸರು ಹೇಳಿ ಓದಿದ ಮುಯ್ಯಿಯ ಮೊತ್ತ, ಇವು ಯಾವ ಕಡತದಲ್ಲಿಯೂ ಇಲ್ಲದ ಸಂಗತಿಗಳು. ಆದರೂ ಇದನ್ನು ಇತರ ಆಕರಗಳಂತೆಯೇ ಪರೀಕ್ಷಿಸಿ ಸ್ವೀಕರಿಸಬೇಕು. ತೆರೆಯ ಮೂಲೆಯಲ್ಲಿ ಕಾಣುವ ತಾರೀಖು ಕ್ಯಾಮರಾದಲ್ಲಿ ತಪ್ಪಾಗಿ ಹೊಂದಿಸಿದ್ದಿರಬಹುದು. ಲಗ್ನಪತ್ರಿಕೆಯೊಡನೆ ಹೋಲಿಸುವುದು ಅಗತ್ಯ. ಸಂಕಲನಕಾರರು ಮೂಲ ಧ್ವನಿಯನ್ನು ತೆಗೆದು ಚಿತ್ರಗೀತೆಗಳನ್ನು ಸೇರಿಸಿರುವ ಕಡೆ ಹೆಂಗಸರು ತುಟಿಯಾಡಿಸುವುದು ಕಾಣುತ್ತದೆ, ಅವರು ಹಾಡಿದ ಸೋಬಾನೆ ಕೇಳಿಸುವುದಿಲ್ಲ.

ಮಸ್ಕಿಯಲ್ಲಿ 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಎಂಬವರು ಕಂಡುಹಿಡಿದ ಬಂಡೆಯ ಶಾಸನವು ಅಶೋಕನ ಹೆಸರನ್ನೇ ಹೇಳಿ ವಿದ್ವಾಂಸರ ಸಂದೇಹವನ್ನು ನೀಗಿತು. ಎರಡು ಸಹಸ್ರ ವರ್ಷಗಳಿಗೂ ಮಿಕ್ಕಿ ಆ ಕಲ್ಲು ಕಾದಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸುವವರೆಗೆ ಅಂತಹ ಅಕ್ಷರಗಳನ್ನು ಓದಬಲ್ಲವರೇ ಇರಲಿಲ್ಲ. ಆದರೂ ಕಲ್ಲಿಗೆ ಕೇಡಾಗಲಿಲ್ಲ. ಟೇಪಿಗೆ ಅಂತಹ ತಾಳ್ಮೆಯಿಲ್ಲ. ಕಾಂತೀಯ ಕಣಗಳನ್ನು ಹಿಡಿದಿಟ್ಟಿರುವ ಅಂಟು ಶಾಖದಿಂದಲೂ ತೇವದಿಂದಲೂ ಕೆಡುತ್ತದೆ, ಬೂಸಲು ಹಿಡಿಯುತ್ತದೆ. ಓದುವ ಯಂತ್ರವೂ ಮರೆಯಾಗುತ್ತಿದೆ: ಜಪಾನಿನ ಫುನಾಯ್ ಸಂಸ್ಥೆಯು 2016ನೆಯ ಜುಲೈ ತಿಂಗಳ ಕೊನೆಯಲ್ಲಿ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರಗಳ ತಯಾರಿಕೆಯೇ ನಿಂತಿತು.

ಹೀಗಿರಲು ನಮ್ಮಂತಹ ವಿಭಾಗಗಳು ಮಾಡಬೇಕಾದ ಕೆಲಸವು ಸ್ಪಷ್ಟವಾಗಿದೆ. ಸುಸ್ಥಿತಿಯಲ್ಲಿರುವ ಒಂದೆರಡು ಯಂತ್ರಗಳನ್ನು ಸಂಪಾದಿಸಿ ಕಾಪಾಡಬೇಕು. ಮನೆಮನೆಯ ಕ್ಯಾಸೆಟ್ಟುಗಳ ಪಟ್ಟಿ ಮಾಡಿ, ಮನೆಯವರ ಒಪ್ಪಿಗೆ ಪಡೆದು ಡಿಜಿಟಲ್ ಪ್ರತಿ ತೆಗೆದು, ಮೂಲವನ್ನು ಅವರಿಗೇ ಹಿಂದಿರುಗಿಸಬೇಕು. ಚಿತ್ರದಲ್ಲಿರುವವರ ಹೆಸರು, ಊರು, ನಂಟುಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು. ಅಟ್ಟದ ಮೇಲಿನ ಕ್ಯಾಸೆಟ್ಟನ್ನು ಮುಂದಿನ ಬೇಸಗೆಯ ಸುಣ್ಣಬಣ್ಣದ ವೇಳೆಗೆ ಕಸದೊಡನೆ ಹೊರಗೆ ಹಾಕುವ ಮೊದಲು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಈ ಕೆಲಸವನ್ನು ಆರಂಭಿಸಲೆಂದು ನಾವು ಸೂಚಿಸುತ್ತೇವೆ.